ಹೃದಯದ ಹೊರಮೈಗೆ ಕೊನೆಯ ಸರದಿ: ಒಂದು ತಪ್ಪು ಕ್ರಮದ ಖಂಡನೆ

ಹೃದಯದ ಗೋಡೆಗೆ ಎರಡು ಮೈ. ಒಳಮೈ ರಕ್ತಕ್ಕೆ ತಾಗಿಕೊಂಡಿದೆ. ಹೊರಮೈ ಪೆರಿಕಾರ್ಡಿಯಂ ಎಂಬ ಚೀಲದೊಳಗೆ ಪ್ರತಿ ಬಡಿತಕ್ಕೂ ಜಾರುತ್ತಿರುತ್ತದೆ. ಎಡ ಹೃತ್ಕುಕ್ಷಿಯಲ್ಲಿ ಈ ಎರಡರ ನಡುವೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಸ್ನಾಯುವಿದೆ. ಹೃತ್ಕುಕ್ಷಿಯಿಂದಲೇ ಎದ್ದು ಪ್ರಾಣಕ್ಕೆ ಎರವಾಗಬಲ್ಲ ಅತಿವೇಗದ ಬಡಿತಕ್ಕೆ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ ಎಂದು ಹೆಸರು. ವೈದ್ಯರ ಬಾಯಲ್ಲಿ ಅದು ವಿಟಿ. ಹೃದ್ರೋಗವಿರುವವರಲ್ಲಿ ವಿಟಿ ಬಹುತೇಕ ಹುಟ್ಟುವುದು ಸ್ನಾಯುವಿನ ಕಲೆಗಟ್ಟಿದ ಭಾಗದಲ್ಲಿ. ಕಲೆಯ ನಡುವೆ ಸಾಯದೆ ಉಳಿದ ಸ್ನಾಯುವಿನ ಎಳೆಗಳಿರುತ್ತವೆ. ವಿದ್ಯುತ್ ಸಂಕೇತ ಆ ಎಳೆಗಳಲ್ಲಿ ತೆವಳುತ್ತ ಸಾಗಿ ಇನ್ನೊಂದು ತುದಿಯಲ್ಲಿ ಹೊರಬರುವ ಹೊತ್ತಿಗೆ ಸುತ್ತಲಿನ ಸ್ನಾಯು ಮತ್ತೆ ಮಿಡಿಯಲು ಸಿದ್ಧವಾಗಿರುತ್ತದೆ. ಸಂಕೇತ ಒಂದೇ ವೃತ್ತದಲ್ಲಿ ಸುತ್ತತೊಡಗುತ್ತದೆ. ಕ್ಯಾತಿಟರ್ ಎಂಬ ತೆಳು ನಳಿಕೆಯ ತುದಿಯಿಂದ ಶಾಖ ಕೊಟ್ಟು ಆ ಎಳೆಗಳನ್ನು ಸುಟ್ಟು ವೃತ್ತವನ್ನು ಕಡಿಯುವುದೇ ಅಬ್ಲೇಶನ್. ಕಲೆ ಒಳಪದರದಲ್ಲಿದ್ದರೆ ತೊಡೆಯ ರಕ್ತನಾಳದ ಮೂಲಕ ಒಳಗಿನಿಂದ ತಲುಪಬಹುದು. ಹೊರಪದರದಲ್ಲಿದ್ದರೆ ಒಳಗಿನಿಂದ ಕೊಟ್ಟ ಶಾಖ ಎಷ್ಟೋ ಸಲ ಅಲ್ಲಿಯವರೆಗೆ ಹೋಗುವುದಿಲ್ಲ. ಅದು ಇಳಿಯುವ ಆಳ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್.

ಎದೆ ಕೊಯ್ಯದೆ, ಎದೆಮೂಳೆಯ ಕೆಳತುದಿಯ ಪಕ್ಕದಲ್ಲಿ ಸೂಜಿ ಚುಚ್ಚಿ ಹೊರಮೈಯನ್ನು ತಲುಪುವ ವಿಧಾನ 1996ರಿಂದ ಇದೆ. ಆದರೂ ಅದರ ಬಗ್ಗೆ ಬೇರೂರಿರುವ ನಿಲುವು ಇದು: ಮೊದಲು ಒಳಗಿನಿಂದ ಪ್ರಯತ್ನಿಸಬೇಕು, ಅದು ಫಲಿಸದಿದ್ದರೆ ಇನ್ನೊಮ್ಮೆ ಒಳಗಿನಿಂದಲೇ, ಅದೂ ಫಲಿಸದೆ, ಔಷಧಿಗೂ ಬಗ್ಗದೆ, ಅಪಾಯದ ಬಡಿತವನ್ನು ತಡೆಯಲು ಎದೆಯಲ್ಲಿ ಅಳವಡಿಸಿದ ಐಸಿಡಿ ಯಂತ್ರ ಮೇಲಿಂದ ಮೇಲೆ ಶಾಕ್ ಕೊಡತೊಡಗಿದಾಗ ಮಾತ್ರ ಹೊರಮೈ. ಎಚ್ಚರಿಕೆಯ ಹೆಸರಿನಲ್ಲಿ ನಿಂತಿರುವ ಈ ನಿಲುವು ರೋಗ ಎಲ್ಲಿದೆ ಎಂದು ಕೇಳುವುದಿಲ್ಲ, ಹಿಂದಿನ ಪ್ರಯತ್ನ ಸೋತಿತೇ ಎಂದಷ್ಟೇ ಕೇಳುತ್ತದೆ. ಹಾಗಾಗಿ ಕೆಲವು ರೋಗಗಳಲ್ಲಿ ಅದು ಸರಿಹೋಗುತ್ತದೆ, ಕೆಲವುಗಳಲ್ಲಿ ಬುಡದಲ್ಲೇ ತಪ್ಪಾಗುತ್ತದೆ. ತಪ್ಪಾದಲ್ಲೆಲ್ಲ ಅದರ ಬೆಲೆ ತೆರುವವನು ರೋಗಿ.

ಪೆರಿಕಾರ್ಡಿಯಂಗೆ ಎರಡು ಪದರ. ಒಂದು ಹೃದಯಕ್ಕೇ ಅಂಟಿಕೊಂಡಿದೆ, ಇನ್ನೊಂದು ಅದನ್ನು ಹೊರಗಿನಿಂದ ಸುತ್ತುವರಿದಿದೆ. ನಡುವೆ ಇರುವುದು ಕೆಲವು ಚಮಚದಷ್ಟು ದ್ರವ, ಸುಮಾರು 15ರಿಂದ 50 ಮಿಲಿಲೀಟರ್. ಪೆರಿಕಾರ್ಡಿಯಂನಲ್ಲಿ ನೀರೋ ಕೀವೋ ತುಂಬಿದಾಗ ಸೂಜಿ ಹಾಕಿ ತೆಗೆಯುವುದು ಹಳೆಯ ವಿದ್ಯೆ. ಫ್ರಾನ್ಸಿನ ಆಂಟ್ವಾನ್ ಮಾರ್ಫಾನ್ ಎದೆಮೂಳೆಯ ಕೆಳಗಿನಿಂದ ಚುಚ್ಚುವ ದಾರಿಯನ್ನು 1911ರಲ್ಲೇ ವಿವರಿಸಿದ್ದ. ಆದರೆ ದ್ರವ ತುಂಬಿಲ್ಲದ, ಹೃದಯಕ್ಕೆ ಒತ್ತಿಕೊಂಡೇ ಇರುವ ಸಹಜ ಪೆರಿಕಾರ್ಡಿಯಂನೊಳಗೆ ಸೂಜಿ ಇಳಿಸುವುದು ಹುಚ್ಚು ಸಾಹಸವೆಂದೇ ತಿಳಿಯಲಾಗಿತ್ತು. ಸೂಜಿ ಒಂದೆರಡು ಮಿಲಿಮೀಟರ್ ಮುಂದೆ ಹೋದರೂ ಬಲ ಹೃತ್ಕುಕ್ಷಿಯೊಳಗೆ ಇರುತ್ತದೆ.

ಈ ಭಯವನ್ನು ಮೀರುವ ಅನಿವಾರ್ಯತೆ ಮೊದಲು ಬಂದದ್ದು ಬ್ರೆಜಿಲ್‌ನಲ್ಲಿ, ಚಾಗಸ್ ರೋಗದಿಂದ. ಮಿನಾಸ್ ಜೆರಾಯಿಸ್ ಪ್ರಾಂತ್ಯದ ಲಾಸಾನ್ಸ್‌ನಲ್ಲಿ ರೈಲುದಾರಿ ಹಾಕುವ ಕೂಲಿಗಳ ಮಲೇರಿಯಾ ತಡೆಯಲು ಹೋಗಿದ್ದ ಕಾರ್ಲೋಸ್ ಚಾಗಸ್ 1909ರಲ್ಲಿ ಈ ರೋಗವನ್ನು ಗುರುತಿಸಿದ. ಮಣ್ಣುಗೋಡೆಯ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹೊತ್ತು ಮಲಗಿದವರ ರಕ್ತ ಹೀರುವ ತಿಗಣೆ ಜಾತಿಯ ಹುಳು ಇದರ ಪರಾವಲಂಬಿಯನ್ನು ಹರಡುತ್ತದೆ. ಸೋಂಕು ತಗುಲಿದವರಲ್ಲಿ ಒಂದು ಪಾಲಿನ ಜನಕ್ಕೆ ಹತ್ತಿಪ್ಪತ್ತು ವರ್ಷಗಳ ನಂತರ ಹೃದಯದ ಸ್ನಾಯು ಕಲೆಗಟ್ಟುತ್ತದೆ. ಎಡ ಹೃತ್ಕುಕ್ಷಿಯ ಹಿಂಬದಿಯ ಬುಡದಲ್ಲಿ ಈ ಕಲೆ ಹೆಚ್ಚು. ಒಳಗಿಗಿಂತ ಹೊರಮೈಯಲ್ಲಿ ಅದು ಅಗಲವಾಗಿ ಹರಡಿರುವುದೂ ಸಾಮಾನ್ಯ. ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಹೃದಯ ಸಂಸ್ಥೆಯಲ್ಲಿ ಎಡ್ವಾರ್ಡೊ ಸೋಸಾ ಮತ್ತು ಸಂಗಡಿಗರು ಇಂಥ ರೋಗಿಗಳಿಗೆ ಒಳಗಿನಿಂದ ಅಬ್ಲೇಶನ್ ಮಾಡುತ್ತಿದ್ದರು, ವಿಟಿ ಮರಳುತ್ತಿತ್ತು. 1996ರಲ್ಲಿ ಅವರು ಮೂವರು ಚಾಗಸ್ ರೋಗಿಗಳಲ್ಲಿ ಸೂಜಿಯ ಮೂಲಕ ಹೊರಮೈಯನ್ನು ತಲುಪಿ ಅಲ್ಲಿನ ವಿದ್ಯುತ್ ನಕ್ಷೆ ಬರೆದ ವಿಧಾನವನ್ನು ಪ್ರಕಟಿಸಿದರು. ಹೊಸದೊಂದು ದುಬಾರಿ ಯಂತ್ರ ಅವರಿಗೆ ಬೇಕಾಗಲಿಲ್ಲ. ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಗಳಲ್ಲಿ ಬೆನ್ನಿಗೆ ಅರಿವಳಿಕೆ ಕೊಡಲು ಬಳಸುವ, ತುದಿ ಬಾಗಿ ತುಸು ಮೊಂಡಾಗಿರುವ ತುವೋಹಿ ಸೂಜಿಯೇ ಅವರ ಉಪಕರಣ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ವಿಧಾನ ಹುಟ್ಟಿದ್ದು ಒಳಗಿನ ಚಿಕಿತ್ಸೆ ಸೋತ ಮೇಲೆ ಎನ್ನುವುದು ನಿಜ. ಆದರೆ ಸೋಲಿಗೆ ಕಾರಣ ಕೈಚಳಕದ ಕೊರತೆಯಾಗಿರಲಿಲ್ಲ. ಕಲೆ ಇದ್ದ ಜಾಗ ಬೇರೆಯಾಗಿತ್ತು. ಸೋಸಾ ಕಂಡುಕೊಂಡದ್ದು ಒಂದು ರೋಗದ ನೆಲೆಯನ್ನು. ಮುಂದಿನ ತಲೆಮಾರು ಅದರಿಂದ ಕಲಿತದ್ದು ಮಾತ್ರ ಸೋಲಿನ ನಂತರ ಏನು ಮಾಡಬೇಕೆಂಬುದನ್ನು. ಕೊನೆಯ ಸರದಿಯ ಸಿದ್ಧಾಂತ ಹುಟ್ಟಿದ್ದು ಈ ಅರೆಬರೆ ಪಾಠದಿಂದ.

ಚುಚ್ಚುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಅಪಾಯ ಎಲ್ಲಿದೆ, ಎಲ್ಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಎದೆಮೂಳೆಯ ಕೆಳತುದಿ ಮತ್ತು ಎಡ ಪಕ್ಕೆಲುಬಿನ ಅಂಚು ಸೇರುವ ಮೂಲೆಯಲ್ಲಿ ಸೂಜಿ ಚರ್ಮವನ್ನು ಹೊಗುತ್ತದೆ; ತುದಿ ಎಡ ಭುಜದ ಕಡೆಗೆ ತಿರುಗಿರುತ್ತದೆ. ಸೂಜಿಯನ್ನು ಮಲಗಿಸಿ ಹಿಡಿದರೆ ಹೃದಯದ ಮುಂಭಾಗಕ್ಕೆ, ಸ್ವಲ್ಪ ಎತ್ತಿ ಹಿಡಿದರೆ ಕೆಳಭಾಗಕ್ಕೆ ಅದು ಹೋಗುತ್ತದೆ. ಕೆಳಗಿನ ದಾರಿಯಲ್ಲಿ ಯಕೃತ್ತಿನ ಎಡ ಭಾಗವೂ ವಪೆಯ ರಕ್ತನಾಳಗಳೂ ಅಡ್ಡ ಬರಬಹುದು, ಮುಂದಿನ ದಾರಿಯಲ್ಲಿ ಎದೆಗೋಡೆಯ ರಕ್ತನಾಳಗಳು. ಎಕ್ಸ್‌ರೇ ಪರದೆ ನೋಡುತ್ತ ಸೂಜಿಯನ್ನು ಮೆಲ್ಲಗೆ ಒಳತಳ್ಳುವಾಗ ಒಂದು ಹಂತದಲ್ಲಿ ಹೃದಯದ ಬಡಿತ ಬೆರಳಿಗೆ ತಾಗುತ್ತದೆ. ಅಲ್ಲಿ ಒಂದೆರಡು ಹನಿ ಕಾಂಟ್ರಾಸ್ಟ್ ದ್ರವ ಬಿಟ್ಟರೆ ಪೆರಿಕಾರ್ಡಿಯಂ ಡೇರೆಯಂತೆ ಒಳಕ್ಕೆ ಬಾಗಿರುವುದು ಕಾಣುತ್ತದೆ. ಇನ್ನೊಂದು ಚೂರು ಒತ್ತಿದಾಗ ಪದರ ಸಡಿಲಿ ಸೂಜಿ ಒಳಸರಿದದ್ದು ಕೈಗೆ ಗೊತ್ತಾಗುತ್ತದೆ. ಈಗ ಬಿಟ್ಟ ಕಾಂಟ್ರಾಸ್ಟ್ ಹೃದಯದ ಅಂಚಿನ ಸುತ್ತ ತೆಳ್ಳನೆಯ ಗೆರೆಯಾಗಿ ಹರಡುತ್ತದೆ.

ಅನಂತರದ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ. ಸೂಜಿಯೊಳಗಿಂದ ಮೆದುವಾದ ತಂತಿಯೊಂದನ್ನು ಬಿಟ್ಟು, ಎಕ್ಸ್‌ರೇ ಯಂತ್ರವನ್ನು ಎಡಕ್ಕೆ ವಾಲಿಸಿ ನೋಡಬೇಕು. ತಂತಿ ಪೆರಿಕಾರ್ಡಿಯಂನಲ್ಲಿದ್ದರೆ ಹೃದಯದ ಎಡ ಅಂಚನ್ನು ತಬ್ಬಿಕೊಂಡು, ಒಂದಕ್ಕಿಂತ ಹೆಚ್ಚು ಕೋಣೆಗಳ ಗಡಿ ದಾಟಿ ಸುತ್ತುತ್ತದೆ. ಬಲ ಹೃತ್ಕುಕ್ಷಿಯೊಳಗೆ ಹೋಗಿದ್ದರೆ ಆ ಅಂಚಿಗೆ ಅದು ಬರಲಾರದು. ಬಲ ಹೃತ್ಕುಕ್ಷಿಗೆ ಸೂಜಿ ಅಥವಾ ತಂತಿ ಮಾತ್ರ ಹೊಕ್ಕಿದ್ದರೆ, ಹಿಂದೆಗೆದು ಕಾದರೆ ರಂಧ್ರ ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ತಂತಿ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳದೆ ಅದರ ಮೇಲೆ ಶೀತ್ ಎಂಬ ದಪ್ಪನೆಯ ಕೊಳವೆ ಏರಿಸಿದರೆ ಮಾತ್ರ ಅನಾಹುತ. ಅಂದರೆ ಈ ಚಿಕಿತ್ಸೆಯ ಅತಿ ಭೀಕರ ತೊಡಕು ಶಿಸ್ತಿನಿಂದ ತಡೆಯಬಹುದಾದದ್ದು.

ಪೂರ್ವಪಕ್ಷದ ಬಲವಾದ ವಾದ ಅಪಾಯದ್ದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೊಡ್ಡ ಕೇಂದ್ರಗಳ 913 ವಿಟಿ ಅಬ್ಲೇಶನ್‌ಗಳನ್ನು ಪರಿಶೀಲಿಸಿ ಫ್ರೆಡೆರಿಕ್ ಸಾಶೆ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ 156 ಸಲ, ಅಂದರೆ ಶೇಕಡ 17ರಷ್ಟು ಪ್ರಕರಣಗಳಲ್ಲಿ ಹೊರಮೈಯನ್ನು ತಲುಪಲಾಗಿತ್ತು. ಶೇಕಡ 5ರಷ್ಟರಲ್ಲಿ ಕೂಡಲೇ, ಇನ್ನು ಶೇಕಡ 2ರಷ್ಟರಲ್ಲಿ ತಡವಾಗಿ ಗಂಭೀರ ತೊಡಕು ಕಂಡಿತು. ಕೂಡಲೇ ಆದವುಗಳಲ್ಲಿ ಹೆಚ್ಚಿನವು ಪೆರಿಕಾರ್ಡಿಯಂನೊಳಗಿನ ರಕ್ತಸ್ರಾವ. ತಡವಾದವುಗಳಲ್ಲಿ ಒಂದು, ಎರಡು ವಾರದ ಮೇಲೆ ಮುಚ್ಚಿಹೋದ ಕೊರೊನರಿ ರಕ್ತನಾಳ. ಇಟಲಿಯ ಪಾವ್ಲೊ ದೆಲ್ಲಾ ಬೆಲ್ಲಾ ಮುಂದಾಳಾಗಿ 2011ರಲ್ಲಿ ಹೊರಬಂದ, 218 ರೋಗಿಗಳ ಯುರೋಪಿನ ವರದಿಯಲ್ಲಿ ಗಂಭೀರ ತೊಡಕು ಶೇಕಡ 4.1. ನೂರರಲ್ಲಿ ನಾಲ್ಕರಿಂದ ಏಳು ಮಂದಿಗೆ ಗಂಭೀರ ತೊಡಕು ಎಂದರೆ ಸಣ್ಣ ಮಾತಲ್ಲ.

ಆದರೆ ಈ ಅಂಕಿಗಳು ಯಾರವು? ಸಾಶೆ ವರದಿಯ ರೋಗಿಗಳಲ್ಲಿ ಬಹುಪಾಲು ಮಂದಿ ಮೊದಲೇ ಅಬ್ಲೇಶನ್ ಮಾಡಿಸಿಕೊಂಡು ಗುಣವಾಗದೆ ಬಂದವರು. ಅವರ ಹೃದಯ ಆಗಲೇ ಬಳಲಿತ್ತು. ಕೊನೆಯ ಸರದಿಯ ನಿಯಮ ಜಾರಿಯಲ್ಲಿದ್ದಾಗ ಅಳೆದ ಅಪಾಯ ಇದು. ಇದನ್ನೇ ತೋರಿಸಿ ಆ ನಿಯಮವನ್ನು ಸಮರ್ಥಿಸಿಕೊಳ್ಳುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಹೆಪಾರಿನ್‌ನದು. ಎಡ ಹೃತ್ಕುಕ್ಷಿಯೊಳಗೆ ಕ್ಯಾತಿಟರ್ ಆಡಿಸುವಾಗ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲೆಂದು ಹೆಪಾರಿನ್ ಕೊಡಲೇಬೇಕು. ಒಳಗಿನ ಕೆಲಸ ಮುಗಿದು, ವಿಟಿ ನಿಲ್ಲಲಿಲ್ಲವೆಂದು ಗೊತ್ತಾದ ಮೇಲೆ ಹೊರಮೈಗೆ ಹೊರಟರೆ ಸೂಜಿ ಚುಚ್ಚುವುದು ಹೆಪ್ಪುಗಟ್ಟದ ರಕ್ತವಿರುವ ಮೈಗೆ. ಆಗ ಪ್ರೊಟಮೀನ್ ಕೊಟ್ಟು ಹೆಪಾರಿನ್‌ನ ಪ್ರಭಾವ ಇಳಿಸಬೇಕು, ಕಾಯಬೇಕು, ಮತ್ತೆ ಅಳೆಯಬೇಕು. ಹೊರಮೈ ಬೇಕಾಗುತ್ತದೆಂದು ಮೊದಲೇ ನಿರ್ಧರಿಸಿದ್ದರೆ ಹೆಪಾರಿನ್‌ನ ಮೊದಲ ಹನಿಗೂ ಮುಂಚೆ ಚುಚ್ಚಿ, ರಕ್ತ ಬರುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು, ಆಮೇಲೆ ಒಳಗಿನ ಕೆಲಸಕ್ಕೆ ಇಳಿಯಬಹುದು. ಸುರಕ್ಷತೆಗೆಂದು ಹೇಳುವ ನಿಯಮವೇ ಚುಚ್ಚುವ ಗಳಿಗೆಯನ್ನು ಅತಿ ಅಪಾಯದ ಗಳಿಗೆಗೆ ನೂಕುತ್ತಿದೆ. ಇದನ್ನು ಕ್ಯಾತ್ ಲ್ಯಾಬ್‌ನಲ್ಲಿ ನಿಂತು ಕೆಲಸ ಮಾಡುವವರೆಲ್ಲ ಬಲ್ಲರು. ಆದರೂ ರೂಢಿ ಪೂರ್ತಿ ಬದಲಾಗಿಲ್ಲ ಎನ್ನುವುದು ಬೇಸರದ ವಿಷಯ.

ಕೈ ಪಳಗುವ ಪ್ರಶ್ನೆಯೂ ಇದರೊಂದಿಗೇ ಹೆಣೆದುಕೊಂಡಿದೆ. ಕೊನೆಯ ಉಪಾಯವೆಂದು ಇಟ್ಟುಕೊಂಡ ಚಿಕಿತ್ಸೆಯನ್ನು ವೈದ್ಯ ವರ್ಷಕ್ಕೆ ಎಲ್ಲೋ ಒಂದೆರಡು ಸಲ ಮಾಡುತ್ತಾನೆ, ಅದೂ ಅತ್ಯಂತ ಕಷ್ಟದ ರೋಗಿಗಳಲ್ಲಿ, ಗಂಟೆಗಟ್ಟಲೆ ಒಳಗಿನ ಕೆಲಸ ಮಾಡಿ ಸುಸ್ತಾದ ಮೇಲೆ. ಹಾಗೆ ಪಳಗದ ಕೈಯಿಂದ ಆದ ತೊಡಕು ಮತ್ತೆ ವಿಧಾನದ ಲೆಕ್ಕಕ್ಕೇ ಜಮೆಯಾಗುತ್ತದೆ. ಇದಕ್ಕೆ ಪರಿಹಾರ ಎಲ್ಲರೂ ಇದನ್ನು ಮಾಡತೊಡಗುವುದಲ್ಲ. ಹೃದಯ ಶಸ್ತ್ರಚಿಕಿತ್ಸಕರು ಅದೇ ಕಟ್ಟಡದಲ್ಲಿ ಸಿದ್ಧರಿರುವ ಕೆಲವೇ ಕೇಂದ್ರಗಳು ಇದನ್ನು ನಿಯಮಿತವಾಗಿ ಮಾಡಬೇಕು, ಉಳಿದವರು ಅಂಥ ರೋಗಿಗಳನ್ನು ತಡಮಾಡದೆ ಅಲ್ಲಿಗೆ ಕಳುಹಿಸಬೇಕು. ಸೂಜಿಯೂ ಮೊದಲಿನಂತೆ ಉಳಿದಿಲ್ಲ. ದಪ್ಪ ಸೂಜಿಯ ಒಳಗಿನಿಂದ 21 ಗೇಜಿನ ಸಣ್ಣ ಸೂಜಿ ಹಾಯಿಸಿ ಪದರ ದಾಟುವ ಕ್ರಮ ಬಂದಿದೆ. ಹೃದಯಕ್ಕೆ ತಾಗಿದರೂ ಅದು ಮಾಡುವ ರಂಧ್ರ ಕಿರಿದು. ಸೂಜಿಯ ತುದಿಯ ಒತ್ತಡವನ್ನು ಅಳೆದು ತೋರಿಸುವ ಉಪಕರಣವಿದೆ. ಕೊರೊನರಿ ಅಭಿಧಮನಿಯ ಸಣ್ಣ ಕವಲಿನಿಂದ ತಂತಿ ಹೊರತಂದು ಪೆರಿಕಾರ್ಡಿಯಂಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ, ಎರಡು ಪದರಗಳ ನಡುವೆ ಜಾಗ ಮಾಡಿಕೊಂಡು, ಆಮೇಲೆ ಚುಚ್ಚುವ ಉಪಾಯವೂ ಬಳಕೆಗೆ ಬಂದಿದೆ.

ಇನ್ನು ರೋಗಗಳ ಕಡೆಗೆ ಬರೋಣ, ಏಕೆಂದರೆ ತೀರ್ಮಾನ ಆಗಬೇಕಾದದ್ದು ಅಲ್ಲಿ.

ಹೃದಯಾಘಾತದ ಕಲೆಯ ವಿಷಯದಲ್ಲಿ ಪ್ರಚಲಿತ ನಿಲುವು ಸರಿಯಾಗಿಯೇ ಇದೆ. ಕೊರೊನರಿ ರಕ್ತನಾಳ ಮುಚ್ಚಿದಾಗ ಸ್ನಾಯು ಸಾಯತೊಡಗುವುದು ಒಳಪದರದಿಂದ. ಸಾವು ಅಲ್ಲಿಂದ ಹೊರಕ್ಕೆ ಹಬ್ಬುತ್ತದೆ ಎಂದು ರೈಮರ್ ಮತ್ತು ಜೆನ್ನಿಂಗ್ಸ್ 1970ರ ದಶಕದಲ್ಲೇ ಪ್ರಾಣಿಗಳಲ್ಲಿ ತೋರಿಸಿದ್ದರು. ಹಾಗಾಗಿ ಇವರಲ್ಲಿ ವಿಟಿಯ ವೃತ್ತ ಬಹುಮಟ್ಟಿಗೆ ಒಳಗೇ ಸಿಗುತ್ತದೆ. ಮೊದಲು ಒಳಗಿನಿಂದ ಹೋಗುವುದೇ ಸರಿ. ತೊಂದರೆ ಶುರುವಾದದ್ದು ಹೃದಯಾಘಾತದ ರೋಗಿಗಳ ಮೇಲೆ ರೂಪುಗೊಂಡ ಈ ಅಭ್ಯಾಸವನ್ನು ಎಲ್ಲ ಹೃದಯಗಳ ಮೇಲೂ ಹೇರಿದಾಗ.

ಬಲ ಹೃತ್ಕುಕ್ಷಿಯ ಅರಿತ್ಮೋಜೆನಿಕ್ ಕಾರ್ಡಿಯೊಮಯೋಪತಿಯಲ್ಲಿ ಪರಿಸ್ಥಿತಿ ತಿರುವುಮುರುವು. ಸ್ನಾಯುಕೋಶಗಳನ್ನು ಒಂದಕ್ಕೊಂದು ಹೆಣೆಯುವ ಪ್ರೋಟೀನುಗಳ ಆನುವಂಶಿಕ ದೋಷದಿಂದ ಬರುವ ಈ ರೋಗದಲ್ಲಿ ಸ್ನಾಯು ಸತ್ತು ಕೊಬ್ಬು ಮತ್ತು ನಾರು ತುಂಬುವುದು ಹೊರಪದರದಿಂದ ಒಳಕ್ಕೆ. ಇಂಥ ಹೃದಯದಲ್ಲಿ ಒಳಗಿನಿಂದ ಮಾತ್ರ ಸುಡುವುದು, ಹೊರಗಿನಿಂದ ನೀರಿಳಿಯುವ ಗೋಡೆಗೆ ಒಳಗಿನಿಂದ ಸುಣ್ಣ ಬಳಿದಂತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಳಗಿನ ಅಬ್ಲೇಶನ್ ಫಲಿಸದ 13 ಮಂದಿಗೆ ಹೊರಮೈಯಲ್ಲಿ ಚಿಕಿತ್ಸೆ ಮಾಡಿದಾಗ 10 ಮಂದಿಗೆ ಸರಾಸರಿ ಒಂದೂವರೆ ವರ್ಷದವರೆಗೆ ವಿಟಿ ಮರಳಲಿಲ್ಲ. 2011ರಲ್ಲಿ ಬಂದ 49 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಒಳಹೊರಗೆ ಎರಡೂ ಕಡೆ ಚಿಕಿತ್ಸೆ ಪಡೆದ 26 ಮಂದಿಯಲ್ಲಿ 22 ಮಂದಿ ವಿಟಿ ಇಲ್ಲದೆ ಉಳಿದರು; ಒಳಗೆ ಮಾತ್ರ ಚಿಕಿತ್ಸೆ ಪಡೆದ 23 ಮಂದಿಯಲ್ಲಿ 12 ಮಂದಿ. ರೋಗಿಗಳನ್ನು ಚೀಟಿ ಎತ್ತಿ ಹಂಚಿದ ಪ್ರಯೋಗ ಇದಲ್ಲ, ಸಂಖ್ಯೆಯೂ ಸಣ್ಣದು. ಆದರೂ ರೋಗದ ಸ್ವರೂಪ ಏನು ಹೇಳುತ್ತದೋ ಅಂಕಿಗಳೂ ಅದನ್ನೇ ಹೇಳುತ್ತಿವೆ. ಹಾಗಿರುವಾಗ ಸಾಕ್ಷ್ಯ ತರಬೇಕಾದ ಹೊಣೆ ಒಳಗಿನಿಂದ ಮಾತ್ರ ಸಾಕು ಎನ್ನುವವರ ಮೇಲಿದೆ.

ಬ್ರುಗಾಡಾ ಸಿಂಡ್ರೋಮ್‌ನ ಉದಾಹರಣೆಯಂತೂ ಕೊನೆಯ ಸರದಿಯ ಸಿದ್ಧಾಂತವನ್ನು ಪೂರ್ತಿ ತಲೆಕೆಳಗು ಮಾಡುತ್ತದೆ. ಪೆಡ್ರೊ ಮತ್ತು ಜೋಸೆಪ್ ಬ್ರುಗಾಡಾ ಸಹೋದರರು 1992ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಹೃದಯ ನೋಡಲು ಸರಿಯಾಗಿಯೇ ಇರುತ್ತದೆ. ಇಸಿಜಿಯಲ್ಲಿ ಮಾತ್ರ ಒಂದು ವಿಶಿಷ್ಟ ಏರು ಕಾಣುತ್ತದೆ, ಮತ್ತು ಮಧ್ಯವಯಸ್ಸಿಗೂ ಬಾರದ ಗಂಡಸರು ನಿದ್ದೆಯಲ್ಲೇ ಸಾಯುತ್ತಾರೆ. ಥಾಯ್ಲೆಂಡಿನ ಈಶಾನ್ಯ ಭಾಗದ ಹಳ್ಳಿಗಳಲ್ಲಿ ಲಾಯ್ ತಾಯ್ ಎಂದು ಹೆಸರಾದ ರಾತ್ರಿಸಾವು ಇದೇ. ದಶಕಗಳ ಕಾಲ ಇದು ಕೇವಲ ವಿದ್ಯುತ್ತಿನ ದೋಷ, ಸುಡುವಂಥ ಜಾಗ ಇದರಲ್ಲಿ ಇಲ್ಲ, ಐಸಿಡಿಯೊಂದೇ ಗತಿ ಎಂದು ನಂಬಲಾಗಿತ್ತು. ಒಳಗಿನಿಂದ ನಕ್ಷೆ ತೆಗೆದವರಿಗೆ ಹಾಗೆ ಕಂಡದ್ದು ಸಹಜ, ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗುತ್ತಿರಲಿಲ್ಲ. ಥಾಯ್ ಮೂಲದ ವೈದ್ಯ ಕೂನ್ಲವೀ ನಾಡೆಮನೀ ಹೊರಮೈಗೆ ಹೋಗಿ ನೋಡಿದಾಗ ಬಲ ಹೃತ್ಕುಕ್ಷಿಯಿಂದ ರಕ್ತ ಹೊರಹೋಗುವ ದಾರಿಯ ಮುಂಭಾಗದಲ್ಲಿ ಒಡೆದು ಚೂರಾದ, ತಡವಾಗಿ ಬರುವ ಸಂಕೇತಗಳು ಸಿಕ್ಕವು. ಮೇಲಿಂದ ಮೇಲೆ ಐಸಿಡಿ ಶಾಕ್ ತಿನ್ನುತ್ತಿದ್ದ 9 ಮಂದಿಗೆ ಆ ಜಾಗವನ್ನು ಸುಟ್ಟ ಫಲಿತಾಂಶ 2011ರಲ್ಲಿ ಪ್ರಕಟವಾಯಿತು: 8 ಮಂದಿಯ ಇಸಿಜಿ ಸಹಜವಾಯಿತು, ಸರಾಸರಿ 20 ತಿಂಗಳು ಯಾರಿಗೂ ಅಪಾಯದ ಬಡಿತ ಮರಳಲಿಲ್ಲ. 2023ರಲ್ಲಿ ಬಂದ, 159 ರೋಗಿಗಳ ಬಹುಕೇಂದ್ರ ವರದಿಯಲ್ಲಿ, ಕೆಲವರಿಗೆ ಎರಡನೆಯ ಸಲ ಚಿಕಿತ್ಸೆ ಬೇಕಾದರೂ, ಒಟ್ಟಿನಲ್ಲಿ ಶೇಕಡ 96ರಷ್ಟು ಮಂದಿ ಸುಮಾರು ನಾಲ್ಕು ವರ್ಷಗಳ ಅವಧಿಯಲ್ಲಿ ಮಾರಕ ಬಡಿತದಿಂದ ಮುಕ್ತರಾಗಿ ಉಳಿದರು. ಇವರಲ್ಲಿ ಮೊದಲು ಒಳಗಿನಿಂದ ಪ್ರಯತ್ನಿಸಿ ಸೋತ ಮೇಲೆ ಹೊರಗೆ ಹೋಗಬೇಕು ಎನ್ನುವುದಕ್ಕೆ ಯಾವ ಅರ್ಥವೂ ಇಲ್ಲ. ರೋಗದ ನೆಲೆಯೇ ಹೊರಗಿದೆ.

ರೋಗ ಹೊರಗಿದೆ ಎಂದು ಮೊದಲೇ ತಿಳಿಯುವುದು ಹೇಗೆ ಎಂಬುದು ಪೂರ್ವಪಕ್ಷದ ಮುಂದಿನ ಪ್ರಶ್ನೆ. ತಿಳಿಯಲು ಸಾಧ್ಯವಿಲ್ಲದ್ದರಿಂದ ಒಳಗಿನ ಸೋಲೇ ಪರೀಕ್ಷೆ ಎಂಬ ವಾದ ಒಂದು ಕಾಲಕ್ಕೆ ಒಪ್ಪುವಂತಿತ್ತು. ಇಂದು ಅದು ಸಲ್ಲದು. ಹೊರಮೈಯಿಂದ ಹೊರಟ ಸಂಕೇತ ಒಳಗಿನ ವೇಗದ ತಂತುಗಳನ್ನು ಸೇರಲು ತಡವಾಗುತ್ತದೆ. ಹಾಗಾಗಿ ವಿಟಿ ನಡೆಯುತ್ತಿರುವಾಗಿನ ಇಸಿಜಿಯಲ್ಲಿ ಅಲೆಯ ಆರಂಭ ಕಡಿದಾಗಿರದೆ ಜಾರುದಾರಿಯಂತೆ ಏರುತ್ತದೆ. ಆ ಮೊದಲ ಜಾರು 34 ಮಿಲಿಸೆಕೆಂಡು ಅಥವಾ ಹೆಚ್ಚಿದ್ದರೆ ಹೊರಮೈಯನ್ನು ಶಂಕಿಸಬೇಕೆಂದು ಆಂಟೋನಿಯೊ ಬೆರುಯೆಸೊ ಮತ್ತು ಸಂಗಡಿಗರು 2004ರಲ್ಲೇ ತೋರಿಸಿದ್ದರು. ಎಲ್ಲ ರೋಗಗಳಲ್ಲೂ ಈ ಅಳತೆ ಒಂದೇ ರೀತಿ ನಿಲ್ಲುವುದಿಲ್ಲ, ಇದೊಂದನ್ನೇ ನೆಚ್ಚಬಾರದು. ಗ್ಯಾಡೋಲಿನಿಯಂ ಕೊಟ್ಟು ತೆಗೆದ ಎಂಆರ್‌ಐ ಕಲೆ ಯಾವ ಪದರದಲ್ಲಿದೆ ಎಂದು ನೇರವಾಗಿ ತೋರಿಸುತ್ತದೆ. ಐಸಿಡಿ ಅಳವಡಿಸಿದ ಮೇಲೆ ಚಿತ್ರ ಮಸುಕಾಗಬಹುದಾದ್ದರಿಂದ ಅದನ್ನು ಮೊದಲೇ ತೆಗೆಸಿಡುವುದು ಲೇಸು. ಇದೂ ಸಾಲದಿದ್ದರೆ ಒಳಗಿನ ನಕ್ಷೆಯೇ ಹೊರಗಿನ ಸುಳಿವು ಕೊಡುತ್ತದೆ: ಹತ್ತಿರದ್ದನ್ನು ಮಾತ್ರ ಗ್ರಹಿಸುವ ಬೈಪೋಲಾರ್ ಅಳತೆ ಸಹಜವಾಗಿದ್ದು, ದೂರದ್ದನ್ನೂ ಗ್ರಹಿಸುವ ಯುನಿಪೋಲಾರ್ ಅಳತೆ ತಗ್ಗಿದ್ದರೆ, ಎಡ ಹೃತ್ಕುಕ್ಷಿಯಲ್ಲಿ ಸುಮಾರು 8.3 ಮಿಲಿವೋಲ್ಟ್‌ಗಿಂತ, ಬಲದಲ್ಲಿ 5.5 ಮಿಲಿವೋಲ್ಟ್‌ಗಿಂತ ಕಡಿಮೆಯಿದ್ದರೆ, ಗೋಡೆಯ ಆಚೆ ಬದಿಯಲ್ಲಿ ಕಲೆ ಇದೆಯೆಂದು ಊಹಿಸಬಹುದು. ಇಷ್ಟು ಸಾಧನಗಳು ಕೈಯಲ್ಲಿರುವಾಗ ರೋಗಿಯ ಮೈಯಲ್ಲೇ ಸೋತು ತಿಳಿದುಕೊಳ್ಳುವುದು ನ್ಯಾಯವಲ್ಲ.

ಆ ಸೋಲಿಗೂ ತನ್ನದೇ ಅಪಾಯವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಮ್ಮೆ ಅರಿವಳಿಕೆ, ಇನ್ನೊಮ್ಮೆ ಧಮನಿಗೆ ಚುಚ್ಚು, ಕ್ಯಾತಿಟರ್‌ನ ತುದಿ ತಣಿಸಲು ಹರಿಸುವ ಲೀಟರ್‌ಗಟ್ಟಲೆ ಸಲೈನ್ ಸೋತ ಹೃದಯಕ್ಕೆ ತರುವ ಹೊರೆ. ಒಳಗಿನಿಂದ ಸುಟ್ಟಾಗ ವೃತ್ತದ ಬಾಯಿಯಷ್ಟೇ ಮುಚ್ಚಿ ವಿಟಿ ಆ ದಿನಕ್ಕೆ ಅಡಗಬಹುದು. ಹೊರಗಿನ ಎಳೆಗಳು ಹಾಗೇ ಇದ್ದು ತಿಂಗಳುಗಳ ನಂತರ ಅದು ಬೇರೊಂದು ಬಾಯಿಂದ ಹೊರಡುತ್ತದೆ. ಆ ತಿಂಗಳುಗಳಲ್ಲಿ ರೋಗಿ ಎಚ್ಚರವಿರುವಾಗಲೇ ಐಸಿಡಿ ಶಾಕ್ ತಿಂದಿರುತ್ತಾನೆ. ಥೈರಾಯ್ಡ್‌ಗೂ ಶ್ವಾಸಕೋಶಕ್ಕೂ ಹಾನಿ ಮಾಡಬಲ್ಲ ಅಮಿಯೊಡರೋನ್ ಹೆಚ್ಚಿನ ಪ್ರಮಾಣದಲ್ಲಿ ನುಂಗಿರುತ್ತಾನೆ. ಎರಡು ದಾರಿಗಳ ಅಪಾಯ ತೂಗುವಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ಸೂಜಿಯ ಅಪಾಯವನ್ನು ಇಟ್ಟರೆ, ಇನ್ನೊಂದರಲ್ಲಿ ಇವನ್ನೆಲ್ಲ ಇಡಲೇಬೇಕು.

ಹೊರಮೈಯ ಅಬ್ಲೇಶನ್‌ಗೆ ತನ್ನದೇ ಮಿತಿಗಳಿವೆ. ಅವನ್ನು ಮರೆಮಾಚಿ ಮಾಡುವ ಸಮರ್ಥನೆ ಬೇಕಿಲ್ಲ. ಕೊರೊನರಿ ರಕ್ತನಾಳಗಳು ಓಡುವುದು ಇದೇ ಮೈಯಲ್ಲಿ. ಪ್ರತಿ ಸುಡುವಿಕೆಗೂ ಮುಂಚೆ ಆಂಜಿಯೋಗ್ರಾಂ ಮಾಡಿ ಕ್ಯಾತಿಟರ್ ತುದಿ ಕನಿಷ್ಠ 5 ಮಿಲಿಮೀಟರ್ ದೂರದಲ್ಲಿದೆಯೆಂದು ನೋಡುವುದು ರೂಢಿ. ಎಡ ಬದಿಯಲ್ಲಿ ವಪೆಯನ್ನು ನಡೆಸುವ ಫ್ರೀನಿಕ್ ನರ ಹಾದುಹೋಗುತ್ತದೆ. ಹೆಚ್ಚು ಶಕ್ತಿಯ ವಿದ್ಯುತ್ ಕೊಟ್ಟು ವಪೆ ಜಿಗಿಯುತ್ತದೆಯೇ ಎಂದು ಪರೀಕ್ಷಿಸಿ, ಜಿಗಿದರೆ ಗಾಳಿ ಅಥವಾ ಬಲೂನಿನಿಂದ ನರವನ್ನು ದೂರ ಸರಿಸಬೇಕು. ಕೊಬ್ಬಿನ ಪದರ ದಪ್ಪವಿದ್ದಲ್ಲಿ ಶಾಖ ಸ್ನಾಯುವಿಗೆ ಇಳಿಯುವುದಿಲ್ಲ, ಮೇಲಾಗಿ ಆರೋಗ್ಯವಂತ ಸ್ನಾಯುವೂ ಕಲೆಯಂತೆ ಕಾಣುತ್ತದೆ. ಎಡ ಹೃತ್ಕುಕ್ಷಿಯ ನೆತ್ತಿಯ ಭಾಗದಲ್ಲಿ ಕೊಬ್ಬೂ ರಕ್ತನಾಳವೂ ಒಟ್ಟಿಗೆ ಇರುವುದರಿಂದ ಅಲ್ಲಿ ಹೊರಗಿನ ದಾರಿ ವಿರಳವಾಗಿ ಫಲಿಸುತ್ತದೆ. ಇಂಥಲ್ಲಿ ಸೂಜಿ ಹಿಡಿಯದಿರುವುದೇ ವಿವೇಕ. ಮುಗಿದ ಮೇಲೆ ಸಲೈನ್ ಪೂರ್ತಿ ಹೊರತೆಗೆದು, ಉರಿಯೂತ ತಗ್ಗಿಸಲು ಪೆರಿಕಾರ್ಡಿಯಂನೊಳಗೆ ಸ್ಟೀರಾಯ್ಡ್ ಬಿಡುವ ಪದ್ಧತಿಯಿದೆ; ಆದರೂ ಕೆಲವು ದಿನ ಉಸಿರೆಳೆದಾಗ ಎದೆನೋವು ಬರುವುದುಂಟು, ರೋಗಿಗೆ ಇದನ್ನು ಮೊದಲೇ ಹೇಳಿರಬೇಕು.

ಭಾರತದಲ್ಲಿ ಎರಡು ವಿಷಯ ಪ್ರತ್ಯೇಕವಾಗಿ ಗಮನಿಸಬೇಕು. ಕ್ಷಯದ ಪೆರಿಕಾರ್ಡೈಟಿಸ್ ಆಗಿಹೋದವರಲ್ಲೂ, ಬೈಪಾಸ್ ಅಥವಾ ಕವಾಟದ ಶಸ್ತ್ರಚಿಕಿತ್ಸೆ ಆದವರಲ್ಲೂ ಪೆರಿಕಾರ್ಡಿಯಂನ ಪದರಗಳು ಅಂಟಿಕೊಂಡಿರಬಹುದು. ಅಂಥವರಲ್ಲಿ ಬರಿಯ ಸೂಜಿಯ ಬದಲು, ಶಸ್ತ್ರಚಿಕಿತ್ಸಕರು ಎದೆಮೂಳೆಯ ಕೆಳಗೆ ಕಿರಿದಾಗಿ ಕೊಯ್ದು ಅಂಟನ್ನು ಬಿಡಿಸಿ ಕ್ಯಾತಿಟರ್‌ಗೆ ದಾರಿ ಮಾಡಿಕೊಡುವ ಕ್ರಮವಿದೆ. ಎರಡನೆಯದು, ಹೃತ್ಕುಕ್ಷಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ವಿಟಿ ಬರುವ ಕೆಲವು ರೋಗಿಗಳ ಹೃದಯದಲ್ಲಿ ಕ್ಷಯ ಅಥವಾ ಸಾರ್ಕಾಯ್ಡೋಸಿಸ್‌ನ ಗಂಟುಗಳು ಇರುತ್ತವೆ. ಹೈದರಾಬಾದಿನ ಕೇರ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಇಂಥ ರೋಗಿಗಳ ಎದೆಯ ಲಿಂಫ್ ಗ್ರಂಥಿಗಳನ್ನು ಪರೀಕ್ಷಿಸಿ ಈ ನಂಟನ್ನು ಪ್ರಕಟಿಸಿದರು. ಇವರಿಗೆ ಮೊದಲು ಬೇಕಾದದ್ದು ಮಾತ್ರೆ; ಕ್ಯಾತಿಟರ್ ಒಳಗಿನಿಂದಲೋ ಹೊರಗಿನಿಂದಲೋ ಎಂಬ ಪ್ರಶ್ನೆ ಆಮೇಲಿನದು.

ಹೊಸ ಶಕ್ತಿಯ ಮೂಲಗಳು ಬಂದರೆ ಹೊರಮೈಗೆ ಹೋಗುವ ಅಗತ್ಯವೇ ಇರದು ಎಂಬ ಮಾತೂ ಈಗೀಗ ಕೇಳಿಬರುತ್ತಿದೆ. ಪಲ್ಸ್ಡ್ ಫೀಲ್ಡ್ ವಿಧಾನ, ಎದೆಯ ಹೊರಗಿನಿಂದಲೇ ವಿಕಿರಣ ಕೊಡುವ ವಿಧಾನ, ಎರಡು ಕ್ಯಾತಿಟರ್‌ಗಳ ನಡುವೆ ಶಾಖ ಹಾಯಿಸುವ ವಿಧಾನ ಎಲ್ಲವೂ ಆಸಕ್ತಿಯವೇ. ಆದರೆ ಶಕ್ತಿ ಯಾವುದಾದರೂ ಸರಿ, ಎಲ್ಲಿ ಕೊಡಬೇಕೆಂದು ನಕ್ಷೆ ಹೇಳಬೇಕು. ಹೊರಪದರದ ಕಲೆಯ ನಿಖರ ನಕ್ಷೆ ಹೊರಮೈಯಲ್ಲೇ ಸಿಗುತ್ತದೆ. ಪಲ್ಸ್ಡ್ ಫೀಲ್ಡ್ ಅನ್ನು ಕೊರೊನರಿ ರಕ್ತನಾಳದ ಹತ್ತಿರ ಬಳಸಿದಾಗ ಆ ನಾಳ ಸೆಟೆದುಕೊಂಡ ಪ್ರಕರಣಗಳೂ ವರದಿಯಾಗಿವೆ. ಮುಂದೆ ಬರಬಹುದಾದ ಚಿಕಿತ್ಸೆಯ ನಿರೀಕ್ಷೆಯಲ್ಲಿ ಇಂದಿನ ರೋಗಿಯನ್ನು ಕಾಯಿಸುವಂತಿಲ್ಲ.

ಅಮೆರಿಕ, ಯುರೋಪ್, ಏಷ್ಯಾ-ಪೆಸಿಫಿಕ್ ಮತ್ತು ಲ್ಯಾಟಿನ್ ಅಮೆರಿಕದ ಹೃದಯಲಯ ತಜ್ಞರ ಸಂಘಗಳು ಒಟ್ಟಾಗಿ 2019ರಲ್ಲಿ ಹೊರತಂದ ಒಮ್ಮತದ ದಾಖಲೆ ಅರ್ಧ ದಾರಿ ಬಂದಿದೆ. ಬಲ ಹೃತ್ಕುಕ್ಷಿಯ ಅರಿತ್ಮೋಜೆನಿಕ್ ಕಾರ್ಡಿಯೊಮಯೋಪತಿಯಲ್ಲಿ ಮೊದಲ ಸಲವೇ ಒಳಹೊರಗೆ ಎರಡೂ ಕಡೆ ಹೋಗುವುದು ಸಮಂಜಸ ಎಂದು ಅದು ಒಪ್ಪುತ್ತದೆ. ಆದರೆ ಹೃದಯಾಘಾತದಿಂದ ಬಾರದ ಇತರ ಕಾರ್ಡಿಯೊಮಯೋಪತಿಗಳಿಗೆ ಬಂದಾಗ ಒಳಗಿನ ಅಬ್ಲೇಶನ್ ಸೋತ ನಂತರ, ಇಲ್ಲವೇ ರೋಗ ಹೊರಪದರದಲ್ಲಿರುವ ಸುಳಿವಿದ್ದರೆ ಮೊದಲ ಸಲವೇ, ಹೊರಮೈಗೆ ಹೋಗಬಹುದು ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಈ ರೋಗಿಗಳೆಲ್ಲ ಒಂದೇ ಬಗೆಯವರಲ್ಲ. ಇವರಲ್ಲಿ ಕಲೆ ಮುಖ್ಯವಾಗಿ ಎರಡು ವಿನ್ಯಾಸಗಳಲ್ಲಿ ಕಾಣುತ್ತದೆಂದು ನೆದರ್ಲೆಂಡ್ಸ್‌ನ ಲೈಡನ್ ತಂಡ 2013ರಲ್ಲಿ ತೋರಿಸಿದೆ. ಒಂದರಲ್ಲಿ ಕಲೆ ಎರಡು ಹೃತ್ಕುಕ್ಷಿಗಳ ನಡುಗೋಡೆಯ ಮುಂಭಾಗದಲ್ಲಿದೆ. ಆ ನಡುಗೋಡೆಗೆ ಹೊರಮೈ ಎಂಬುದೇ ಇಲ್ಲದ್ದರಿಂದ ಪೆರಿಕಾರ್ಡಿಯಂನಿಂದ ಅದನ್ನು ತಲುಪಲಾಗದು, ಹತ್ತು ಸಲ ಸೋತರೂ ಸೂಜಿ ಅಲ್ಲಿ ಉಪಯೋಗಕ್ಕೆ ಬಾರದು. ಇನ್ನೊಂದರಲ್ಲಿ ಕಲೆ ಎಡ ಹೃತ್ಕುಕ್ಷಿಯ ಕೆಳ ಹಿಂಬದಿಯ ಗೋಡೆಯಲ್ಲಿದ್ದು ಎಷ್ಟೋ ಸಲ ಹೊರಪದರದಲ್ಲೇ ಹೆಚ್ಚು ಹರಡಿರುತ್ತದೆ. ಅಲ್ಲಿ ಎಂಆರ್‌ಐ ಅದನ್ನು ತೋರಿಸಿದ ದಿನವೇ ಹೊರಮೈಯ ತಯಾರಿ ಆಗಬೇಕು. ದಾಖಲೆಯ ಮುಂದಿನ ಆವೃತ್ತಿ ಈ ಇಬ್ಬರು ರೋಗಿಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು, ಮತ್ತು ಎರಡನೆಯವರ ಸಾಲಿನಿಂದ "ಒಳಗಿನ ಅಬ್ಲೇಶನ್ ವಿಫಲವಾದ ನಂತರ" ಎಂಬ ಪರ್ಯಾಯವನ್ನು ತೆಗೆದುಹಾಕಬೇಕು.